ಗೇರ್ 'ಪಿ' ಬಿಟ್ಟು ಬರ್ತಿಲ್ವಾ? ಮೊದಲು ಬ್ರೇಕ್ ಲೈಟ್ ನೋಡಿ

ಆಟೋಮ್ಯಾಟಿಕ್ ಕಾರಿನ ಲಿವರ್ 'ಪಿ' ಬಿಟ್ಟು ಬರದಿದ್ದರೆ ನಮ್ಮ ಕಡೆ ಎರಡೇ ಮಾತು ಕೇಳಿಸುತ್ತೆ. ಒಂದು, "ಗೇರ್‌ಬಾಕ್ಸ್ ಹೋಯ್ತು". ಇನ್ನೊಂದು, "ಹೇಗೋ ಬಿಡಿಸ್ಕೊಂಡು ಓಡಿಸಿ, ಆಮೇಲೆ ನೋಡೋಣ". ಎರಡೂ ತಪ್ಪು ಅನ್ನೋದು ನನ್ನ ವಾದ. ಮೊದಲನೆಯದು ಜೇಬಿಗೆ ಕತ್ತರಿ. ಎರಡನೆಯದು ಜೀವಕ್ಕೇ ಅಪಾಯ.

ನಮ್ಮಲ್ಲಿ ಅನೇಕರಿಗೆ ಈ 'ಪಿ' ಹೊಸದು. 2014ರಲ್ಲಿ ಸೆಲೆರಿಯೊ ಜೊತೆ ಬಂದ ಎಎಂಟಿಯಲ್ಲಿ 'ಪಿ' ಇಲ್ಲ. ಸಿವಿಟಿ, ಟಾರ್ಕ್ ಕನ್ವರ್ಟರ್ ಕಾರುಗಳಲ್ಲಿ ಇರುತ್ತೆ. 'ಪಿ'ಗೆ ಹಾಕಿದಾಗ ಕೊಕ್ಕೆಯಂಥ ಒಂದು ಲೋಹದ ತುಂಡು ಗೇರ್‌ಬಾಕ್ಸ್ ಒಳಗಿನ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡು ಚಕ್ರಗಳನ್ನು ಹಿಡಿಯುತ್ತೆ. ಇದಕ್ಕೆ ಪಾರ್ಕಿಂಗ್ ಪಾಲ್ ಅಂತ ಹೆಸರು.

ಮಾರಿಕಣಿವೆ ನೋಡೋಕೆ ಹೋಗಿ ಇಳಿಜಾರಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕದೆ ಬರೀ 'ಪಿ'ಗೆ ಹಾಕಿದ್ರೆ ಇಡೀ ಕಾರಿನ ಭಾರ ಆ ಕೊಕ್ಕೆ ಮೇಲೆ ಬೀಳುತ್ತೆ. ಆಮೇಲೆ ಲಿವರ್ ಬಿಗಿ, ಬಂದಾಗ "ಧಡ್" ಅಂತ ಶಬ್ದ. ಇದು ರೋಗ ಅಲ್ಲ, ಅಭ್ಯಾಸ. ನಿಲ್ಲಿಸುವಾಗ ಕಾಲಲ್ಲಿ ಬ್ರೇಕ್ ಒತ್ತಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ನಿಧಾನಕ್ಕೆ ಬಿಟ್ಟು ನೋಡಿ. ಕಾರು ಕದಲದಿದ್ದರೆ ಆಮೇಲೆ 'ಪಿ'. ಅಷ್ಟೇ.

ಸಮ ಜಾಗದಲ್ಲೂ ಲಿವರ್ ಅಲ್ಲಾಡದಿದ್ದರೆ ಕಥೆ ಬೇರೆ. ಐಮಂಗಲದ ಹತ್ತಿರ ಹೆದ್ದಾರಿ ಪಕ್ಕದ ಗ್ಯಾರೇಜಿಗೆ ನಮ್ಮ ಮಾವನ ಕಾರು ಹೋದಾಗ ನಾನೂ ಜೊತೆಗಿದ್ದೆ. ಅದಕ್ಕೂ ಮೊದಲು ಬೇರೊಂದು ಕಡೆ "ಗೇರ್‌ಬಾಕ್ಸ್ ಬಿಚ್ಚಬೇಕು" ಅಂದಿದ್ರು. ಇಲ್ಲಿನ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟಲೇ ಇಲ್ಲ.

"ಸಾರ್, ಲಿವರ್ ಬಟನ್ ಒಳಗೆ ಹೋಗ್ತದಾ?"

"ಇಲ್ಲಪ್ಪ."

"ಇಗ್ನಿಷನ್ ಆನ್ ಮಾಡಿ ಬ್ರೇಕ್ ಒತ್ತಿ, ನಾನು ಹಿಂದೆ ನೋಡ್ತೀನಿ."

ಒಂದೂ ಬ್ರೇಕ್ ಲೈಟ್ ಹತ್ತಲಿಲ್ಲ. ಎಲ್ಲಾ ಬಲ್ಬೂ ಒಟ್ಟಿಗೆ ಸುಡೋದು ಅಪರೂಪ. ಹಾಗಾಗಿ ಫ್ಯೂಸ್ ನೋಡಿದ್ರು, ಸರಿ ಇತ್ತು. ಉಳಿದದ್ದು ಪೆಡಲ್ ಮೇಲಿನ ಬ್ರೇಕ್ ಸ್ವಿಚ್. ಅದೇ ಕೆಟ್ಟಿತ್ತು.

ಬ್ರೇಕ್ ಒತ್ತಿದ್ದು ಗೊತ್ತಾದರೆ ಮಾತ್ರ ಒಂದು ಸೊಲೆನಾಯ್ಡ್ ಲಿವರಿನ ಬೀಗ ತೆಗೆಯುತ್ತೆ. ಬಹಳಷ್ಟು ಕಾರಲ್ಲಿ ಆ ಸುದ್ದಿ ಬರೋದು ಬ್ರೇಕ್ ಲೈಟಿನ ಸ್ವಿಚ್‌ನಿಂದಲೇ. ಅಮೆರಿಕದಲ್ಲಿ 1980ರ ದಶಕದಲ್ಲಿ ಆಡಿ 5000 ಕಾರುಗಳು ತಾವಾಗೇ ನುಗ್ತಿವೆ ಅಂತ ದೊಡ್ಡ ಗಲಾಟೆ ಆಯ್ತು. ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿರೋದೇ ಮುಖ್ಯ ಕಾರಣ ಇರಬೇಕು ಅಂತ 1989ರ ಸರ್ಕಾರಿ ವರದಿ ಹೇಳ್ತು. ಈ ಬೀಗ ಇರೋದು ಆ ಥರದ ಅವಘಡ ತಪ್ಪಿಸೋಕೆ.

ಲೈಟ್ ಹತ್ತಿದ್ರೂ ಲಿವರ್ ಬರದಿದ್ದರೆ ಬ್ರೇಕ್ ಒತ್ತಿದಾಗ "ಟಿಕ್" ಅನ್ನುತ್ತಾ ಕೇಳಿ. ಅನ್ನದಿದ್ದರೆ ಬ್ಯಾಟರಿ, ವೈರಿಂಗ್, ಸೊಲೆನಾಯ್ಡ್ ನೋಡಬೇಕು. ಅಂದರೆ, ಸಂಶಯ ಲಿವರ್ ಕೆಳಗಿನ ಭಾಗ, ಕೇಬಲ್ ಮೇಲೆ. ಗೇರ್‌ಬಾಕ್ಸ್ ಬಿಚ್ಚೋ ಮಾತು ಕಟ್ಟಕಡೆಗೆ.

ಈಗ ಅಸಲಿ ವಿಷಯ. ಅನೇಕ ಕಾರುಗಳಲ್ಲಿ ಲಿವರ್ ಪಕ್ಕ ಒಂದು ಪುಟ್ಟ ಮುಚ್ಚಳ ಇರುತ್ತೆ. ಅದನ್ನು ತೆಗೆದು ಒಳಗೆ ಒತ್ತಿದ್ರೆ ಬೀಗ ಬಿಡುತ್ತೆ. ಮಾವನಿಗೆ ಯಾರೋ ಇದನ್ನು ತೋರಿಸಿದ್ರು. ಒಂದು ವಾರ ಹಾಗೇ ಓಡಿಸಿದ್ರು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಚಿತ್ರದುರ್ಗ ಹಿರಿಯೂರು ಮಧ್ಯೆ. ರಾತ್ರಿ ಹಿಂದೆ ಲೋಡ್ ಲಾರಿ, ಸ್ಲೀಪರ್ ಬಸ್ಸು. ಇವರು ಬ್ರೇಕ್ ಹಾಕಿದ್ದು ಹಿಂದಿನವರಿಗೆ ಗೊತ್ತೇ ಆಗಲ್ಲ. ಲಿವರ್ ಹಟ ಮಾಡ್ತಿರಲಿಲ್ಲ, ಎಚ್ಚರಿಕೆ ಕೊಡ್ತಿತ್ತು. ಆ ಮುಚ್ಚಳ ಗ್ಯಾರೇಜ್ ತನಕ ಹೋಗೋಕೆ, ಅದೂ ಬ್ರೇಕ್ ಲೈಟ್ ಹತ್ತುತ್ತೆ ಅಂತ ಖಾತ್ರಿ ಆದ ಮೇಲೆ.

ಸೊಲೆನಾಯ್ಡ್ ಅಂದ್ರೇನು ಅಂತ ವೈವಾದಲ್ಲಿ ಕೇಳಿದ್ರೆ ನಾವೆಲ್ಲ ಇಂಗ್ಲಿಷಲ್ಲಿ ಪಟಪಟ ಹೇಳ್ತೀವಿ. ಆದ್ರೆ ಕೆಟ್ಟ ಕಾರಿನ ಮುಂದೆ ಮೊದಲ ಪ್ರಶ್ನೆ ಯಾವುದು ಅಂತ ನಮಗೆ ಯಾರೂ ಕೇಳಿಲ್ಲ. ಲ್ಯಾಬಲ್ಲಿ ಎಲ್ಲಾ ಸರ್ಕ್ಯೂಟೂ ಸರಿಯಾಗೇ ಇರುತ್ತೆ. ತಿಂಗಳಿಗೊಂದು ಸಲವಾದ್ರೂ ಬೇಕಂತಲೇ ಕೆಡಿಸಿಟ್ಟ ಸರ್ಕ್ಯೂಟ್ ಕೊಟ್ಟು "ಎಲ್ಲಿ ಕೆಟ್ಟಿದೆ, ಹೇಗೆ ಗೊತ್ತಾಯ್ತು" ಅಂತ ಕೇಳಲಿ. ಅಂಕನೂ ಅದಕ್ಕೇ ಕೊಡಲಿ.

ಅಲ್ಲೀತನಕ ಒಂದು ಕೆಲಸ ಮಾಡಿ. ಈ ಸಲ ಊರಿಗೆ ಹೋದಾಗ ಮನೆಯ ಗಾಡಿ ಯಾವುದೇ ಇರಲಿ, ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ ನೀವು ಹಿಂದೆ ನಿಂತು ನೋಡಿ. ಅರ್ಧ ನಿಮಿಷದ ಕೆಲಸ.