ಬೆಳೆ ಕಾಯಲು ಯಾವ ಕೋವಿ?



ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿಗೆ ಹೋದಾಗಲೆಲ್ಲ, ರಾಗಿ ಮತ್ತು ಮುಸುಕಿನ ಜೋಳದ ಮಾತು ಮುಗಿದ ಮೇಲೆ ಯಾರಾದರೊಬ್ಬರು ನನ್ನನ್ನು ಬದಿಗೆ ಕರೆದು ಕೇಳುತ್ತಾರೆ: "ಸಾರ್, ಹಂದಿಗೂ ಆಗಬೇಕು, ಕೋತಿಗೂ ಆಗಬೇಕು, ಆನೆ ಬಂದರೂ ಆಗಬೇಕು. ಕಡಿಮೆ ದುಡ್ಡಿಗೆ ಯಾವ ರೈಫಲ್ ತಗೋಬಹುದು?"

ಈ ಪ್ರಶ್ನೆ ನಗುವಂಥದ್ದಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಯ ಹಿಂಡು ನುಗ್ಗಿದರೆ ನಾಲ್ಕು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ: ಎಲ್ಲಕ್ಕೂ ಆಗುವ ರೈಫಲ್ಲು ನಮ್ಮ ಹೊಲಕ್ಕೆ ತಕ್ಕದ್ದಲ್ಲ.

ಕಾರಣ ಸರಳವಾದುದು. ರೈಫಲ್ಲಿನ ನಳಿಗೆಯ ಒಳಗೆ ಸುರುಳಿಯಾದ ಗೀರುಗಳಿರುತ್ತವೆ. ಅವುಗಳಿಂದ ತಿರುಗುತ್ತ ಹೊರಡುವ ಒಂಟಿ ಗುಂಡು ನೆಟ್ಟಗೆ ಬಹು ದೂರ ಹೋಗುತ್ತದೆ. ಚಿಕ್ಕದೆನಿಸುವ .22 ಗುಂಡು ಸಹ ಸುಮಾರು ಒಂದೂವರೆ ಕಿಲೋಮೀಟರು ಹೋಗಬಲ್ಲದು; .315 ರೈಫಲ್ಲಿನದು ಎರಡು ಕಿಲೋಮೀಟರನ್ನೂ ದಾಟುತ್ತದೆ. ಆಸ್ಟ್ರೇಲಿಯದ ವಿಶಾಲ ಹೊಲಗಳಲ್ಲಿ ಇದು ನಡೆದೀತು. ನಮ್ಮಲ್ಲಿ ಎರಡೆಕರೆ ಜಮೀನಿನ ಬದುವಿನಾಚೆ ನೆರೆಯವರ ಅಟ್ಟಣೆ, ಅದರಾಚೆ ಊರು. ತಪ್ಪಿದ ಗುಂಡು ಎಲ್ಲಿ ನಿಂತೀತೆಂದು ಕತ್ತಲಲ್ಲಿ ಯಾರು ಹೇಳಬಲ್ಲರು?

ಕಾನೂನಿನ ದೃಷ್ಟಿಯೂ ಇದೇ. 1959ರ ಆಯುಧ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದು ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಪರವಾನಗಿ ಕೊಡಬಹುದು. ರೈಫಲ್ಲಿಗಾದರೆ ಬೇರೆ ಸಕಾರಣ ತೋರಿಸಬೇಕು. "ಪಕ್ಕದ ಕೊಡಗಿನಲ್ಲಿ ಪರವಾನಗಿಯೇ ಬೇಡವಲ್ಲ" ಎನ್ನುವವರಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಗಡಿಯ ಈಚೆಗಿನ ನಮಗೆ ಅನ್ವಯಿಸುವುದಿಲ್ಲ.

ಹಾಗಾದರೆ ಕೋವಿ ಬೇಕೇಬೇಕೆನ್ನುವವರು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ 12 ಬೋರಿನ ಒಂಟಿ ನಳಿಗೆಯ ತೋಟಾಕೋವಿ ಸಾಕು. ಜೋಡಿ ನಳಿಗೆಗಿಂತ ಅಗ್ಗ, ಬಿಚ್ಚಿ ಒರೆಸುವುದೂ ಸುಲಭ. ಅದರ ಸಣ್ಣ ಚರೆ ನಲವತ್ತು ಮೀಟರಿನಾಚೆ ಚೆದುರಿ ಬಲಗುಂದುತ್ತದೆ. ದೊಡ್ಡ ಚರೆ ಮಾತ್ರ ಬಹುದೂರ ಅಪಾಯಕಾರಿ, ಬೆಳೆ ಕಾವಲಿಗೆ ಅದು ಬೇಡ. ಹಳೆಯ ಕೋವಿ ಕೊಳ್ಳುವುದಾದರೆ ನಳಿಗೆಯೊಳಗೆ ತುಕ್ಕು, ಹೊರಗೆ ತಗ್ಗು ಇದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿರಿ. ತೋಟಾ ಕೂರುವ ಕೋಣೆ 65 ಮಿಲಿಮೀಟರಿನದಾದರೆ 70 ಮಿಲಿಮೀಟರಿನ ತೋಟಾ ಹಾಕಲೇಬಾರದು. ಕೋವಿಯ ಸಂಖ್ಯೆ ಕಾಗದದ ಸಂಖ್ಯೆಗೆ ತಾಳೆಯಾಗಬೇಕು. ಪರವಾನಗಿಗೆ ಅರ್ಜಿ ಜಿಲ್ಲಾಧಿಕಾರಿಗಳಿಗೆ; 2019ರ ತಿದ್ದುಪಡಿಯ ನಂತರ ಅದರ ಅವಧಿ ಐದು ವರ್ಷ. ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗುವುದೂ ಉಂಟು.

ಇಷ್ಟಾದರೂ ಒಂದು ಮಾತು ನೆನಪಿರಲಿ. ಕೋವಿಯ ಪರವಾನಗಿ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿಯಂತೆ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡಿದರೂ ಅರಣ್ಯಾಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಆನೆ ಮತ್ತು ನವಿಲು 1ನೇ ಅನುಸೂಚಿಯವು. ಬೆಳೆಹಾನಿಯ ಕಾರಣಕ್ಕೆ ಅವನ್ನು ಮುಟ್ಟುವಂತಿಲ್ಲ. ಚರೆ ತಗಲಿದ ಆನೆ ಸಾಯುವುದಿಲ್ಲ. ಗಾಯ ಹೊತ್ತು ತಿರುಗುತ್ತದೆ, ಆ ಸಿಟ್ಟಿಗೆ ಬಲಿಯಾಗುವವನು ಮಾರನೆಯ ಬೆಳಿಗ್ಗೆ ಹಾಲು ಹಾಕಲು ಹೊರಟವನು. ಕೈಕೋವಿಯ ಉಪಯೋಗವೆಲ್ಲ ಶಬ್ದದಿಂದ ಬೆದರಿಸುವುದಷ್ಟೇ. ಆ ಶಬ್ದಕ್ಕೂ ಹಂದಿಗಳು ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತವೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಒಂದು ರಾತ್ರಿ ರಾಗಿ ಹೊಲದಲ್ಲಿ ಸದ್ದಾಯಿತು. ತಂದೆಯವರು ಸದ್ದಿನ ಕಡೆಗೆ ಹೊಡೆದರು. ಬೆಳಕು ತಂದು ನೋಡಿದರೆ, ಹಗ್ಗ ಕಿತ್ತುಕೊಂಡು ಬಂದಿದ್ದ ನಮ್ಮದೇ ಎತ್ತು. ಅದು ಬದುಕಿತು, ಆದರೆ ಮತ್ತೆ ನೊಗಕ್ಕೆ ಬರಲಿಲ್ಲ. ತಂದೆಯವರು ಮತ್ತೆ ಕೋವಿ ಹಿಡಿಯಲಿಲ್ಲ. ಎತ್ತಿನ ಜಾಗದಲ್ಲಿ ಮನುಷ್ಯನಿದ್ದಿದ್ದರೆ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಆದ್ದರಿಂದ ಕೈಯಲ್ಲಿರುವ ಹಣವನ್ನು ಮೊದಲು ಬೇಲಿಗೆ ಹಾಕಿರಿ ಎಂಬುದು ನನ್ನ ಸಲಹೆ. ಸೌರಬೇಲಿಯಲ್ಲಿ ವಿದ್ಯುತ್ತು ಕ್ಷಣಮಾತ್ರದ ಮಿಡಿತಗಳಾಗಿ ಹರಿಯುತ್ತದೆ; ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಹಂದಿ ಮೂತಿಯಿಂದ ನುಗ್ಗುವುದರಿಂದ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಎತ್ತರವಿರಬಾರದು. ಹುಲ್ಲು ತಾಗಿದರೆ ಮಿಡಿತ ನೆಲಕ್ಕಿಳಿದು ಹೋಗುತ್ತದೆ, ವಾರಕ್ಕೊಮ್ಮೆ ಸವರಿರಿ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಮಾತ್ರ ಕೊಲೆಗೆ ಸಮಾನ. ಅದರಿಂದ ಆನೆಗಳೂ ಮನುಷ್ಯರೂ ಸತ್ತಿದ್ದಾರೆ. ನಾಲ್ಕಾರು ಮನೆಯವರು ಸೇರಿ ಒಟ್ಟು ಜಮೀನಿಗೆ ಒಂದೇ ಬೇಲಿ ಹಾಕಿದರೆ ತಲಾ ಖರ್ಚು ಇಳಿಯುತ್ತದೆ, ಕಾವಲಿನ ಸರದಿಯೂ ಹಗುರಾಗುತ್ತದೆ. ಸಹಾಯಧನ ಮತ್ತು ಬೆಳೆಹಾನಿ ಪರಿಹಾರದ ಬಗ್ಗೆ ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿರಿ. ಹಾನಿಯಾದ ದಿನವೇ ಫೋಟೋ ತೆಗೆದಿಡಿ.

ಬೇಲಿ ಹಾಕಿದ ಮೇಲೂ ಕೋವಿ ಬೇಕೆನಿಸಿದರೆ ತರಬೇತಿ ಪಡೆದು, ಕಾಗದ ಸರಿಮಾಡಿಕೊಂಡು ಕೊಳ್ಳಿರಿ. ಮನೆಯಲ್ಲಿ ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ. ಕಣ್ಣಿಗೆ ಕಾಣದ್ದರ ಮೇಲೆ ಎಂದಿಗೂ ಹೊಡೆಯಬೇಡಿರಿ. ಹೋದ ಬೆಳೆಯನ್ನು ಮುಂದಿನ ಮಳೆಗೆ ಮತ್ತೆ ಬಿತ್ತಬಹುದು; ಬಿಟ್ಟ ಗುಂಡನ್ನು ಹಿಂದಕ್ಕೆ ಕರೆಯಲಾಗದು.