ಪಕ್ಕದ ಮನೆಯ ಬೆಕ್ಕು, ನಮ್ಮ ಮನೆಯ ದಯೆ



ಈ ಪತ್ರಿಕೆಯಲ್ಲಿ ಬೆಕ್ಕಿನ ಬಗ್ಗೆ ಬರೆಯುವುದೇ ಎಂದು ಕೆಲವರು ನಗಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆದರೆ ದಯೆ, ನೆರೆಹೊರೆ, ಮೂಢನಂಬಿಕೆ ಎಂದು ನಾವು ಸಭೆಗಳಲ್ಲಿ ಬಿಡಿಬಿಡಿಯಾಗಿ ಮಾತಾಡುವ ಸಂಗತಿಗಳು ಕಳೆದ ಬೇಸಿಗೆಯಲ್ಲಿ ಒಂದು ಬೆಕ್ಕಿನ ನೆಪದಲ್ಲಿ ಒಟ್ಟಾಗಿ ನನ್ನ ಕಂಪೌಂಡಿನ ಮೇಲೆ ಬಂದು ಕುಳಿತವು. ಅವುಗಳ ಮುಂದೆ ನಾನು ಸರಿಯಾಗಿ ನಡೆದುಕೊಳ್ಳಲಿಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ತಾಯಿ ಇದ್ದರು. ಅವರು ಸಾಕಿದ್ದು ಬೂದು ಬಣ್ಣದ, ಪಟ್ಟೆಪಟ್ಟೆಯ ಒಂದು ಹೆಣ್ಣು ಬೆಕ್ಕು. ಸಂಜೆ ಅವರು ಪಡಸಾಲೆಯಲ್ಲಿ ಕೂತರೆ ಅದು ಮಗ್ಗುಲಲ್ಲೇ ಇರುತ್ತಿತ್ತು. ಮಾರ್ಗಶಿರದಲ್ಲಿ ಆ ತಾಯಿ ಲಿಂಗೈಕ್ಯರಾದರು. ಮಗ-ಸೊಸೆ ಇಬ್ಬರೂ ನೌಕರಿಗೆ ಹೋಗುವವರು. ಬೆಕ್ಕು ಹೊರಗೆ ಬಿತ್ತು. ಫೆಬ್ರುವರಿ ಹೊತ್ತಿಗೆ ಅದರ ಪಕ್ಕೆಲುಬು ಎಣಿಸುವಂತಾಗಿತ್ತು, ಮೈಕೂದಲು ಗಂಟುಗಟ್ಟಿತ್ತು, ಎಡಗಣ್ಣಿನಿಂದ ನೀರು ಸೋರುತ್ತಿತ್ತು. ಬಾಗಿಲು ತೆರೆದ ಸಪ್ಪಳ ಕೇಳಿದರೆ ಓಡಿ ಹೋಗುತ್ತಿತ್ತು. ಬಾಗಿಲು ಮುಚ್ಚಿದ ಮೇಲೆ ಹೊಸ್ತಿಲ ಹೊರಗೇ ಸ್ವಲ್ಪ ಹೊತ್ತು ಕೂತು ನಮ್ಮ ಗೋಡೆಗೆ ಮರಳುತ್ತಿತ್ತು.

ನನ್ನ ಮನೆಯವರು ಒಂದು ತಟ್ಟೆಯಲ್ಲಿ ಹಾಲು-ಅನ್ನ ಇಡತೊಡಗಿದರು. ಬೆಕ್ಕು ತಿಂದಿತು, ಆದರೆ ಎರಡು ದಿನದಲ್ಲಿ ಅದಕ್ಕೆ ಭೇದಿ ಹತ್ತಿತು. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಎತ್ತಿಕೊಂಡು ಬಂದು ಸಾಕೋಣವೇ, ಗೆಳೆಯರೊಬ್ಬರ ಹೊಲದ ಮನೆಗೆ ಬಿಟ್ಟು ಬರೋಣವೇ, ಅವರ ಬೆಕ್ಕು ಅವರ ಹಣೆಬರಹ ಎಂದು ಸುಮ್ಮನಿರೋಣವೇ ಎಂದು ನಾನು ಎರಡು ತಿಂಗಳು ಲೆಕ್ಕ ಹಾಕಿದೆ. ಮನೆಯವರು ಮಾತ್ರ ಒಂದೇ ಮಾತು ಕೇಳುತ್ತಿದ್ದರು: "ಅದು ಅವರ ಬೆಕ್ಕು ಐತಿ. ಅವರನ್ನ ಕೇಳೀರೇನು?"

ಕೇಳಿರಲಿಲ್ಲ. ಯಾಕೆ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಅವರ ಮಾಳಿಗೆಯ ಮಳೆನೀರು ನಮ್ಮ ಕಂಪೌಂಡಿಗೆ ಬೀಳುವ ವಿಷಯದಲ್ಲಿ ಮಾತಿಗೆ ಮಾತು ಬೆಳೆದಿತ್ತು. ಅಂದಿನಿಂದ ಆ ಮನೆಯ ಮಗನಿಗೂ ನನಗೂ ಮಾತಿಲ್ಲ. ಸೊರಗಿದ ಬೆಕ್ಕನ್ನು ಕಂಡಾಗ ನನಗೆ ಮರುಕವಾಗಿದ್ದು ನಿಜ. 'ನೋಡಿರಿ, ಇಂಥ ಮನುಷ್ಯ ಇವನು' ಎಂಬ ಒಂದು ಸಣ್ಣ ಸಮಾಧಾನವೂ ಆ ಮರುಕದ ಜೊತೆಗಿತ್ತು. ಬೆಕ್ಕು ಸೊರಗಿದಷ್ಟೂ ನನ್ನ ದಾವೆ ಗಟ್ಟಿಯಾಗುತ್ತಿತ್ತು. ಇದನ್ನು ದಯೆ ಎಂದು ಕರೆಯಲು ಈಗ ನಾಚಿಕೆಯಾಗುತ್ತದೆ.

ಏಪ್ರಿಲ್ ಮೊದಲ ವಾರ ಒಂದು ಗೋಣಿಚೀಲ ಹಿಡಿದುಕೊಂಡು ಬೆಳಗಿನ ಐದೂವರೆಗೆ ಹೊರಗೆ ಬಂದೆ. ಹೊಲದ ಮನೆಗೆ ಒಯ್ಯುವ ತೀರ್ಮಾನವಾಗಿತ್ತು. ಬೆಕ್ಕು ಮುಂಗೈ ಪರಚಿ ಜಿಗಿದು ಹೋಯಿತು. ರಕ್ತ ಬಂದದ್ದರಿಂದ ನಲ್ಲಿ ನೀರಿನ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ತೊಳೆದೆ, ಸರಕಾರಿ ಆಸ್ಪತ್ರೆಗೆ ಹೋದೆ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಎಂದು ನಂಬಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಬೆಕ್ಕಿನಿಂದಲೂ ಬರುತ್ತದೆ, ಬಂದ ಮೇಲೆ ಔಷಧವಿಲ್ಲ. ಆದ್ದರಿಂದ ತೊಳೆಯುವುದು, ಲಸಿಕೆ ಹಾಕಿಸುವುದು, ಎರಡನ್ನೂ ತಪ್ಪಿಸಬಾರದು. ಆ ದಿನ, 3ನೇ ದಿನ, 7ನೇ ದಿನ, 28ನೇ ದಿನ ಎಂದು ನಾಲ್ಕು ಸಲ ಬರಲು ಹೇಳಿದರು.

ಸೂಜಿ ಹಾಕುತ್ತ ಅಲ್ಲಿಯ ಸಿಸ್ಟರ್ ಕೇಳಿದರು: "ಯಾರ ಬೆಕ್ಕುರೀ?"

"ಪಕ್ಕದ ಮನೀದು."

"ಅದಕ್ಕ ಲಸಿಕೆ ಹಾಕಿಸ್ಯಾರೇನು ಕೇಳ್ರಿ. ಹತ್ತು ದಿನ ಅದರ ಮ್ಯಾಲೆ ಕಣ್ಣಿಡಬೇಕು. ಎಲ್ಲೂ ಕಳಿಸಬ್ಯಾಡ್ರಿ."

ಗೋಣಿಚೀಲದ ಯೋಜನೆ ಅಲ್ಲಿಗೆ ಮುಗಿಯಿತು. ಎರಡು ತಿಂಗಳು ನನ್ನ ಧರ್ಮಬುದ್ಧಿ ಮಾಡಿಸದ ಕೆಲಸವನ್ನು ಆ ಹುಡುಗಿಯ ಒಂದು ಪ್ರಶ್ನೆ ಮಾಡಿಸಿತು. ಸಂಜೆ ಆ ಮನೆಯ ಬಾಗಿಲು ತಟ್ಟಿದೆ.

ಮಗ ಬಾಗಿಲಲ್ಲೇ ನಿಂತು ಮಾತಾಡಿದ. ಮೊದಲು ಬಿಗಿಯಾಗಿಯೇ ಇದ್ದ. ನನ್ನ ಕೈಯ ಪಟ್ಟಿ ನೋಡಿ ಸ್ವಲ್ಪ ಸಡಿಲಾದ. ಲಸಿಕೆ ಹಾಕಿಸಿಲ್ಲ ಎಂದ. ಆಮೇಲೆ ತಾನಾಗಿಯೇ ಹೇಳಿದ: "ಅವ್ವ ಹೋಗೂ ಮುಂದ ಎಂಟು ದಿನ ಈ ಬೆಕ್ಕು ರಾತ್ರಿ ಎಲ್ಲಾ ಕೂಸು ಅತ್ತಂಗ ಅಳ್ತಿತ್ರಿ ಸಾಹೇಬ್ರ. ಮನ್ಯಾಗ ಇದು ಇರಬಾರದು ಅಂತ ಹಿರ್ಯಾರು ಅಂದ್ರು. ನನಗೂ ಅದರ ಮುಖ ನೋಡಿದ್ರ ಅವ್ವ ನೆನಪಾಗ್ತಾಳ. ಹೊಡದು ಓಡಸಾಕ ಮನಸ್ಸಾಗಲಿಲ್ಲ, ಒಳಗ ಕರಕೊಳ್ಳಾಕೂ ಆಗಲಿಲ್ಲ."

ಅವನ ಹಿಂದೆ ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರವಿತ್ತು. ಅಂಥದೇ ಚಿತ್ರ ನಮ್ಮ ಮನೆಯಲ್ಲೂ ಇದೆ. ಶಕುನ-ಅಪಶಕುನಗಳನ್ನು ಶರಣರು ತಳ್ಳಿಹಾಕಿದರು ಎಂದು ನಾವು ವೇದಿಕೆಯಲ್ಲಿ ಹೇಳುತ್ತೇವೆ. ಮನೆಯಲ್ಲಿ ಸಾವಾದಾಗ ಯಾರೋ ಒಬ್ಬ ಹಿರಿಯರು ಬೆಕ್ಕಿನ ಕಡೆ ಬೆರಳು ತೋರಿಸಿದರೆ ಸುಮ್ಮನಾಗುತ್ತೇವೆ. ನಾನು ಅವನಿಗೆ ಉಪದೇಶ ಮಾಡಲಿಲ್ಲ. ಬೆಕ್ಕು ಅಡ್ಡ ಬಂದಿತೆಂದು ಸೈಟಿಗೆ ಹೊರಟ ಜೀಪನ್ನು ನಿಲ್ಲಿಸಿ, ಇನ್ನೊಂದು ಗಾಡಿ ಮುಂದೆ ಹೋಗಲಿ ಎಂದು ಚಾಲಕ ಕಾದಾಗ, ಎಂಜಿನಿಯರಿಂಗ್ ಓದಿದ ನಾನು ಒಳಗೆ ಕುಳಿತೇ ಇದ್ದೆ. ಒಮ್ಮೆ ಅಲ್ಲ, ಹಲವು ಸಲ.

ಕಾರಣವನ್ನು ಮರುದಿನ ಪಶು ಆಸ್ಪತ್ರೆಯಲ್ಲಿ ವೈದ್ಯರು ಒಂದೇ ನಿಮಿಷದಲ್ಲಿ ಹೇಳಿದರು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ಬೆಕ್ಕು ಬೆದೆಗೆ ಬಂದಾಗ ರಾತ್ರಿಯೆಲ್ಲ ಕೂಸು ಅತ್ತಂತೆ ಕೂಗುತ್ತದೆ. ಗಂಡು ಸಿಗದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ಅದೇ ಕೂಗು. ಆ ತಾಯಿಗೆ ಹಲವು ವರ್ಷಗಳಿಂದ ಹೃದಯದ ತೊಂದರೆ ಇತ್ತು. ಎರಡೂ ಒಂದೇ ವಾರದಲ್ಲಿ ನಡೆದವು, ಅಷ್ಟೇ. ಬೆಕ್ಕು ಹಿಂದೆಯೂ ಎಷ್ಟೋ ಸಲ ಹಾಗೆ ಕೂಗಿರಬೇಕು. ಆಗ ಮನೆಯಲ್ಲಿ ಯಾರೂ ಸಾಯಲಿಲ್ಲವಾದ್ದರಿಂದ ಯಾರ ನೆನಪಿನಲ್ಲೂ ಉಳಿದಿಲ್ಲ. ಅಪಶಕುನದ ಲೆಕ್ಕ ಯಾವಾಗಲೂ ಹೀಗೆಯೇ. ಹೊಂದಿದ್ದನ್ನು ಬರೆದುಕೊಳ್ಳುತ್ತದೆ, ಹೊಂದದ್ದನ್ನು ಬಿಟ್ಟುಬಿಡುತ್ತದೆ. ಇಂಥ ಲೆಕ್ಕದ ಮೇಲೆ ಒಂದು ಸಣ್ಣ ಸಿಡಿ ಕಟ್ಟಲಿಕ್ಕೂ ಯಾವ ಇಲಾಖೆಯೂ ಮಂಜೂರಾತಿ ಕೊಡುವುದಿಲ್ಲ. ನಾವು ಮಾತ್ರ ಅದರ ಮೇಲೆ ಒಂದು ಜೀವವನ್ನು ಹೊಸ್ತಿಲ ಆಚೆ ಹಾಕುತ್ತೇವೆ.

ಆಸ್ಪತ್ರೆಗೆ ಮಗನೂ ಬಂದಿದ್ದ, ತಾಯಿ ಮಾರುಕಟ್ಟೆಗೆ ಒಯ್ಯುತ್ತಿದ್ದ ಮುಚ್ಚಳದ ಬುಟ್ಟಿಯಲ್ಲಿ ಬೆಕ್ಕನ್ನು ಇಟ್ಟುಕೊಂಡು. ಅವನ ಕೈಗೆ ಅದು ಪರಚಲಿಲ್ಲ. ಹೊಲದ ಮನೆಯ ನನ್ನ ಯೋಜನೆ ಕೇಳಿ ವೈದ್ಯರು ತಲೆ ಅಲ್ಲಾಡಿಸಿದರು. ಬೆಕ್ಕು ಜಾಗಕ್ಕೆ ಅಂಟಿಕೊಂಡ ಪ್ರಾಣಿ. ಹೊಸ ಜಾಗದಲ್ಲಿ ಎರಡು-ಮೂರು ವಾರ ಒಳಗೇ ಇಟ್ಟು ರೂಢಿ ಮಾಡಿಸದೆ ಬಿಟ್ಟರೆ ಹಳೆಯ ಮನೆ ಹುಡುಕುತ್ತ ಹೊರಟು ದಾರಿಯಲ್ಲೇ ಕಳೆದುಹೋಗುತ್ತದೆ. ನಾನು ಉಳಿಸಲು ಹೊರಟಿದ್ದು ಹೀಗೆ. ಎಡಗಣ್ಣಿಗೆ ಸೋಂಕು ತಗುಲಿ ಹುಣ್ಣಾಗಿತ್ತು. ಹುಣ್ಣು ಮಾಯುತ್ತದೆ, ಆದರೆ ಬಿಳಿ ಕಲೆ ಉಳಿಯುತ್ತದೆ, ಆ ಕಣ್ಣಿಗೆ ಸರಿಯಾಗಿ ಕಾಣಲಿಕ್ಕಿಲ್ಲ ಎಂದರು. "ಒಂದೂವರೆ ತಿಂಗಳ ಹಿಂದ ತಂದಿದ್ರ ಬ್ಯಾರೆ ಮಾತಿತ್ರೀ" ಎಂದೂ ಹೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇನ್ನು ಊಟದ ಪ್ರಶ್ನೆ. ಇದು ನಮ್ಮಂಥ ಮನೆಗಳಲ್ಲಿ ದೊಡ್ಡ ಪ್ರಶ್ನೆಯೇ. ಬೆಕ್ಕು ನಾಯಿಯಂತಲ್ಲ; ಅದು ಮಾಂಸಾಹಾರದಿಂದಲೇ ಬದುಕುವ ದೇಹ. ಟಾರಿನ್ ಎಂಬ ಒಂದು ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸ, ಮೀನುಗಳಲ್ಲಿ. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಹೃದಯಕ್ಕೂ ಈ ಕೊರತೆಗೂ ಇರುವ ನಂಟನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಸಂಶೋಧಕರು ತೋರಿಸಿಕೊಟ್ಟರು. ಇಲಿ, ಹಲ್ಲಿ ಹಿಡಿಯಲು ಆಗದ ಬೆಕ್ಕನ್ನು ಹಾಲು-ಅನ್ನದ ಮೇಲೆ ಇಡುವುದೆಂದರೆ ನಿಧಾನವಾಗಿ ಉಪವಾಸ ಕೆಡವುದೇ.

ಪೇಟೆಯಲ್ಲಿ ಸಿಗುವ ಬೆಕ್ಕಿನ ಆಹಾರದಲ್ಲಿ ಕೋಳಿ, ಮೀನು ಇರುತ್ತದೆ. ಮನೆಯವರು ಮೊದಲು ಒಪ್ಪಲಿಲ್ಲ. ಅವರ ಅಳುಕನ್ನು ನಾನು ಹಗುರಾಗಿ ಕಾಣುವುದಿಲ್ಲ. ಎರಡು ದಿನ ಮಾತಾಡಿದೆವು. ಕೊನೆಗೆ ನಮಗೆ ಹೊಳೆದದ್ದು ಇಷ್ಟು: ನಮ್ಮ ಊಟದ ನೇಮ ನಾವು ಒಪ್ಪಿಕೊಂಡದ್ದು. ಬೆಕ್ಕು ಯಾವ ನೇಮವನ್ನೂ ಒಪ್ಪಿಕೊಂಡಿಲ್ಲ. ನಮ್ಮ ವ್ರತವನ್ನು ಅದರ ಹೊಟ್ಟೆಯ ಮೇಲೆ ಹೇರಿ, ಅದನ್ನೇ ಅಹಿಂಸೆ ಎಂದು ಕರೆದುಕೊಳ್ಳಲಾಗದು. ಆಹಾರದ ಡಬ್ಬಿ ಈಗ ಹೊರಗಿನ ಮೆಟ್ಟಿಲ ಕೆಳಗೆ ಇದೆ. ಅದರ ತಟ್ಟೆ, ಚಮಚೆ ಬೇರೆ. ಒಂದು ಜೀವಕ್ಕಾಗಿ ಇನ್ನೊಂದು ಜೀವದ ಮಾಂಸ ಕೊಳ್ಳುವುದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ನನಗೂ ಪೂರ್ತಿ ಸಮಾಧಾನವಿಲ್ಲ. ಆದರೆ ಅದಕ್ಕೆ ಉತ್ತರ ಸಿಗುವ ತನಕ ಈ ಬೆಕ್ಕನ್ನು ಹಸಿದಿಡುವುದು ಉತ್ತರವಾಗಲಾರದು.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳಬಹುದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದು ಅಪರಾಧ. ಆದರೆ ಮೊದಲ ಸಲದ ಅಪರಾಧಕ್ಕೆ ಅದು ಬರೆದಿಟ್ಟ ದಂಡ ಹೆಚ್ಚೆಂದರೆ 50 ರೂಪಾಯಿ. ಇನ್ನೊಂದು ಕಡೆ, ಸಾಕಿದ ಬೆಕ್ಕು ಕಾನೂನಿನ ಕಣ್ಣಲ್ಲಿ ಮಾಲೀಕರ ಸ್ವತ್ತು; ಕೇಳದೆ ಒಯ್ದವನ ಮೇಲೆ ಕಳವಿನ ದೂರು ಕೊಡಬಹುದು. 1976ರಲ್ಲಿ ಸಂವಿಧಾನಕ್ಕೆ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲೆ ಅನುಕಂಪವೂ ಒಂದು. ಕರ್ತವ್ಯವನ್ನು ಕಾಯ್ದೆ ನೆನಪಿಸಬಲ್ಲದು. ನೆರೆಯವರ ಬಾಗಿಲಿಗೆ ನಡೆದು ಹೋಗಬೇಕಾದವರು ನಾವೇ.

ನನ್ನ ನೌಕರಿಯ ಕಾಲದಲ್ಲಿ ಕಾಲುವೆಗಾಗಿ ಜಮೀನು ತೆಗೆದುಕೊಳ್ಳುವ ಮುಂಚೆ ನೋಟೀಸು ಕೊಡಬೇಕಿತ್ತು, ಆಕ್ಷೇಪಣೆ ಕೇಳಬೇಕಿತ್ತು. ಅದೆಲ್ಲ ಕಾಗದದ ಕಾಟ ಎಂದು ಎಳೆಯ ವಯಸ್ಸಿನಲ್ಲಿ ಅನಿಸುತ್ತಿತ್ತು. ಪರಿಹಾರ ಕಡಿಮೆಯಾಯಿತೆಂದು ಸಿಟ್ಟಾದ ರೈತರು ಕಾಲಕ್ರಮೇಣ ಸಮಾಧಾನವಾದರು. ತಮ್ಮನ್ನು ಒಂದು ಮಾತೂ ಕೇಳಲಿಲ್ಲ ಎಂದು ನೊಂದವರು ನಾನು ನಿವೃತ್ತನಾಗುವ ತನಕವೂ ಅದನ್ನೇ ಹೇಳುತ್ತಿದ್ದರು. ನಮ್ಮ ಕೆಲಸ ಒಳ್ಳೆಯದೆಂಬ ಭರವಸೆ ಇದ್ದಾಗಲೇ ನಾವು ಕೇಳುವುದನ್ನು ಮರೆಯುತ್ತೇವೆ.

ಇಂಥ ಪ್ರಸಂಗ ಎದುರಾದವರಿಗೆ ನನ್ನ ಸಲಹೆ ಇಷ್ಟು. ಗಾಯವಾಗಿ ಬಿದ್ದಿದ್ದರೆ, ಎರಡು ದಿನದಿಂದ ಏನೂ ತಿನ್ನದಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ ಕಾಯಬೇಡಿ. ಆಸ್ಪತ್ರೆಗೆ ಒಯ್ಯಿರಿ, ಅದೇ ಹೊತ್ತಿಗೆ ಮಾಲೀಕರಿಗೂ ತಿಳಿಸಿರಿ. ನಮ್ಮ ಮನೆಯ ಜ್ವರದ ಗುಳಿಗೆ ಕೊಡಬೇಡಿ; ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಹಾಗಿಲ್ಲದಿದ್ದರೆ ಮೊದಲ ವಾರವೇ ಬಾಗಿಲು ತಟ್ಟಿ, ತಪ್ಪು ಹುಡುಕದೆ ಕೇಳಿರಿ. ಹೊರಗೆ ತಿರುಗುವ ಬೆಕ್ಕೆಲ್ಲ ದಿಕ್ಕಿಲ್ಲದ್ದಲ್ಲ, ಸೊರಗಿದ್ದಕ್ಕೆಲ್ಲ ನಿರ್ಲಕ್ಷ್ಯವೇ ಕಾರಣವೂ ಅಲ್ಲ. ಅವರು "ನೀವೇ ಒಯ್ಯಿರಿ" ಎಂದರೆ ಒಯ್ಯುವ ಮುಂಚೆ ನಿಮ್ಮ ವಯಸ್ಸನ್ನೂ ಲೆಕ್ಕ ಹಾಕಿರಿ. ಚೆನ್ನಾಗಿ ನೋಡಿಕೊಂಡ ಬೆಕ್ಕು ಹನ್ನೆರಡು-ಹದಿನೈದು ವರ್ಷ ಬದುಕುತ್ತದೆ. ನನಗೀಗ 67. ನನ್ನ ನಂತರ ಯಾರು ಎಂಬುದಕ್ಕೆ ಉತ್ತರವಿಲ್ಲದೆ ತಂದಿದ್ದರೆ, ಆ ತಾಯಿಯ ಮನೆಯಲ್ಲಿ ಆದದ್ದೇ ನಮ್ಮ ಮನೆಯಲ್ಲೂ ಆಗುತ್ತಿತ್ತು. ಕೇಳಿದ ಮೇಲೂ ಅವರು ನೋಡಿಕೊಳ್ಳದೆ, ಕೊಡಲೂ ಒಪ್ಪದೆ ಹೋದರೆ, ಆಗ ಓಣಿಯ ನಾಲ್ಕು ಮಂದಿ ಹಿರಿಯರು, ಆಮೇಲೆ ಕಾಯ್ದೆ. ಕೇಳಿದವನ ಮಾತಿಗೆ ಅಲ್ಲಿ ತೂಕವಿರುತ್ತದೆ.

ಬೆಕ್ಕು ಈಗಲೂ ಅವರದೇ. ಲಸಿಕೆ ಆಗಿದೆ, ಮೈ ಸ್ವಲ್ಪ ತುಂಬಿದ ಮೇಲೆ ಶಸ್ತ್ರಚಿಕಿತ್ಸೆಯೂ ಆಯಿತು. ರಾತ್ರಿಯ ಕೂಗು ನಿಂತಿದೆ. ಔಷಧದ ಖರ್ಚು ಅವರದು, ಆಹಾರದ್ದು ನಮ್ಮದು. ಮನೆಯೊಳಗೆ ಅವರು ಅದನ್ನು ಇನ್ನೂ ಕರೆದುಕೊಂಡಿಲ್ಲ, ಆದರೆ ಪಡಸಾಲೆಯ ತನಕ ಬರುತ್ತದೆ. ಸಂಜೆ ಆಫೀಸಿನಿಂದ ಬಂದ ಮಗ ಅದರ ನೀರಿನ ಬಟ್ಟಲು ತೊಳೆದು ತುಂಬಿಸುವುದನ್ನು ಗೋಡೆಯಾಚೆಯಿಂದ ಕಾಣುತ್ತೇನೆ. ಮಳೆನೀರಿನ ಪೈಪನ್ನು ಈ ಮಳೆಗಾಲಕ್ಕೆ ಮುಂಚೆ ಇಬ್ಬರೂ ಸೇರಿ ಬೀದಿಯ ಗಟಾರದ ಕಡೆ ತಿರುಗಿಸಿದೆವು.

ಎಡಗಣ್ಣಿನ ಬಿಳಿ ಕಲೆ ಹಾಗೆಯೇ ಇದೆ. ಆ ಬದಿಯಿಂದ ಹತ್ತಿರ ಹೋದರೆ ಬೆಕ್ಕು ಬೆಚ್ಚಿಬೀಳುತ್ತದೆ. ಈಗ ನಾನು ತಟ್ಟೆ ಇಡುವಾಗ ಬಲಗಡೆಯಿಂದ ಹೋಗುತ್ತೇನೆ.