ತಾತನ ಕೋಪವೋ, ಮಾತ್ರೆಯ ಕೋಪವೋ?

ಮಕ್ಕಳೇ, ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಒಂದೊಂದು ಪುಟ್ಟ ಗ್ರಂಥಿ ಕೂತಿದೆ. ಅಡ್ರಿನಲ್ ಗ್ರಂಥಿ ಎಂದು ಅದರ ಹೆಸರು. ಜ್ವರ ಬಂದಾಗ, ಪರೀಕ್ಷೆಯ ಭಯ ಹಿಡಿದಾಗ ಅದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಏನೂ ಆಗದ ದಿನವೂ ಕಾರ್ಟಿಸಾಲ್ ಬೆಳಗ್ಗೆ ಏರಿ, ರಾತ್ರಿ ಇಳಿಯುತ್ತದೆ.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ಫಿಲಿಪ್ ಹೆಂಚ್, ಇದೇ ಜಾತಿಯ ಕಾರ್ಟಿಸೋನನ್ನು ಕೀಲುವಾತದ ರೋಗಿಯೊಬ್ಬರಿಗೆ ಕೊಟ್ಟರು. ನಡೆಯಲಾರದೆ ಇದ್ದವರು ಕೆಲವೇ ದಿನಗಳಲ್ಲಿ ನಡೆದರು! 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಇಂದು ಉಬ್ಬಸಕ್ಕೆ, ಕೀಲುನೋವಿಗೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ಇದೇ ವಂಶದ್ದು. ಜನ ಇದನ್ನು ‘ಸ್ಟೀರಾಯ್ಡ್’ ಎನ್ನುತ್ತಾರೆ.

ನನ್ನ ವಾಕಿಂಗ್ ಗೆಳೆಯರೊಬ್ಬರು ಈ ಮಾತ್ರೆ ಶುರುಮಾಡಿದ ವಾರದಲ್ಲೇ ರಾತ್ರಿ ಎರಡು ಗಂಟೆಗೆ ಎದ್ದು ಬೀರು ಜೋಡಿಸತೊಡಗಿದರು. ಬೆಳಗ್ಗೆ ಪೆನ್ಸಿಲ್ ಬಿತ್ತೆಂದು ಮೊಮ್ಮಗನನ್ನು ಗದರಿದರು, ಸಂಜೆ ಕಾರಣವಿಲ್ಲದೆ ಅತ್ತರು. ಆ ಹುಡುಗ ನನ್ನ ಹತ್ತಿರ ಬಂದು, “ತಾತನಿಗೆ ನಾನು ಬೇಡವಾದೆನಾ?” ಎಂದು ಕೇಳಿದ.

ಇಲ್ಲ ಮಗು. ಈ ಮಾತ್ರೆ ಮಿದುಳಿಗೂ ತಲುಪುತ್ತದೆ. ಕೆಲವರಿಗೆ ನಿದ್ದೆ ಹಾರುತ್ತದೆ, ಸಿಡುಕು ಬರುತ್ತದೆ. ಕೆಲವರಿಗೆ ಅತಿಯಾದ ಹುರುಪು, ಕೆಲವರಿಗೆ ದುಃಖ. 1972ರ ಬಾಸ್ಟನ್ ಅಧ್ಯಯನವೊಂದರಲ್ಲಿ ದಿನಕ್ಕೆ 40 ಮಿಲಿಗ್ರಾಂವರೆಗೆ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ತೀವ್ರ ಮಾನಸಿಕ ತೊಂದರೆ ಕಂಡಿತು. 80 ದಾಟಿದವರಲ್ಲಿ ನೂರಕ್ಕೆ ಸುಮಾರು 18 ಜನರಿಗೆ. ಪ್ರಮಾಣ ಇಳಿದಂತೆ ಹೆಚ್ಚಿನವರ ಮನಸ್ಸು ಮೊದಲಿನಂತಾಗುತ್ತದೆ.

ಹಾಗಾದರೆ ಮಾತ್ರೆ ಇವತ್ತೇ ನಿಲ್ಲಿಸೋಣವೇ? ಖಂಡಿತ ಕೂಡದು. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾನು ಎಷ್ಟೋ ಖಾತೆ ನೋಡಿದ್ದೇನೆ. ಹೊರಗಿನಿಂದ ತಿಂಗಳು ತಿಂಗಳು ಹಣ ಬಂದರೆ ಕೆಲವರು ದುಡಿಮೆಯನ್ನೇ ಬಿಡುತ್ತಾರೆ. ಗ್ರಂಥಿಯೂ ಹಾಗೆಯೇ. ವಾರಗಟ್ಟಲೆ ಮಾತ್ರೆ ಬಂದರೆ ಅದು ಕೆಲಸ ನಿಲ್ಲಿಸುತ್ತದೆ. ಮಾತ್ರೆ ಥಟ್ಟನೆ ನಿಂತರೆ ಒಳಗೂ ಇಲ್ಲ, ಹೊರಗೂ ಇಲ್ಲ. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಅದಕ್ಕೇ ವೈದ್ಯರು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ.

ಹಿರಿಯರೇ, ಬೆಳಗಿನ ತಿಂಡಿಯ ನಂತರ ತೆಗೆದುಕೊಂಡರೆ ನಿದ್ದೆಗೆ ಒಳ್ಳೆಯದೇ ಎಂದು ವೈದ್ಯರನ್ನು ಕೇಳಿ. ಮನಸ್ಸು ಕೆಟ್ಟರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಮಕ್ಕಳೇ, ತಾತ ಎಷ್ಟು ಗಂಟೆ ಮಲಗಿದರು, ಯಾವಾಗ ಸಿಡುಕಿದರು ಎಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಅವರ ಚೀಲದಲ್ಲಿರಲಿ.